ಮಾವನವರ ದನಿಯ ಕಾರ್ಡು

ಆ ಮಧ್ಯಾಹ್ನ ನಿದ್ದೆ ಮುಗಿಸಿ ಎಲ್ಲರಂತೆ ಲ್ಯಾಪ್‌ಟಾಪೂ ಎದ್ದಿತು, ಪರದೆ ಬೆಳಗಿತು, ಮಾವನವರು ಎಂದಿನಂತೆ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನನ್ನ ಹೆಸರು ಬರೆದರು, ಆದರೆ ಅದರೊಳಗಿಂದ ದನಿ ಬರಲಿಲ್ಲ. ಅವರು ಇನ್ನೊಮ್ಮೆ ಗುಂಡಿ ಒತ್ತಿದರು. ಬರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಮೂಡಿ, ದನಿಯ ಕಾರ್ಡು ಸಿಗುತ್ತಿಲ್ಲ ಎಂದು ಹೇಳಿ ಮಾಯವಾಯಿತು. ಎದುರಿಗೆ ನಿಂತಿದ್ದ ನಾನು ಕಿಟಕಿಯಲ್ಲಿ ಬಿಸಿಲು ಎಷ್ಟು ಉಳಿದಿದೆ ಎಂದು ನೋಡಿದೆ.

ಈ ಊರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಗಂಟೆ ಹೊಡೆಯುತ್ತದೆ, ಊರಿಗೆ ಊರೇ ಮಲಗುತ್ತದೆ. ಎದ್ದ ಮೇಲೆ ಇಲ್ಲೇ ಹುಟ್ಟಿದವರು ಮುಖ ತೊಳೆದು ಚಹಾ ಕುಡಿಯುತ್ತಾರೆ. ಹೊರಗಿನಿಂದ ಬಂದು ಸೇರಿಕೊಂಡವರು, ಅಂದರೆ ಸೊಸೆಯರು, ಮಾಸ್ತರರು, ನನ್ನಂಥ ಮನೆ ಅಳಿಯಂದಿರು, ಮೊದಲು ತಂತಮ್ಮ ಯಜಮಾನರ ಎದುರಿಗೆ ಹೋಗಿ ನಿಲ್ಲಬೇಕು. ಯಜಮಾನರು ಹೆಸರು ಹಿಡಿದು ಬಾಯಿ ಬಿಟ್ಟು ಕೂಗುತ್ತಾರೆ, ಬೇರೆಯವರು ಕೂಗಿದರೆ ಮನೆ ಅದನ್ನು ಲೆಕ್ಕಕ್ಕಿಡುವುದಿಲ್ಲ. ಅಲ್ಲಿಗೆ ಮುಗಿಯಿತು, ನಮಗೂ ಚಹಾ ಸಿಗುತ್ತದೆ. ಸಂಜೆ ದೀಪ ಹಚ್ಚುವುದರೊಳಗೆ ಕೂಗಿಸಿಕೊಳ್ಳದೆ ಉಳಿದವರನ್ನು ಮನೆ ಮರೆತುಬಿಡುತ್ತದೆ. ಸಿಟ್ಟಿನಿಂದೇನಲ್ಲ. ಬಾಗಿಲಿಗೆ ಬಂದರೆ ನೀರು ಕೊಟ್ಟು, ಯಾವ ಊರಾಯಿತು ಎಂದು ವಿಚಾರಿಸಿ, ಬಸ್ಸು ಎಷ್ಟಕ್ಕಿದೆ ಎಂದು ತಿಳಿಸಿ ಕಳಿಸುತ್ತಾರೆ. ಮನೆಯೊಳಗೆ ಯಜಮಾನರು ಎಲ್ಲರಿಗಿಂತ ಕೊನೆಗೆ ಮರೆಯುತ್ತಾರೆ, ಆದರೆ ದೀಪ ಹಚ್ಚಿದರೆ ಅವರೂ ಮರೆಯುತ್ತಾರೆ. ಆಮೇಲೆ ಕೂಗಲು ಹೆಸರು ಗೊತ್ತಿದ್ದವರೇ ಇರುವುದಿಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ಛತ್ರವಿದೆ. ಅಂಥವರು ಅಲ್ಲಿದ್ದುಕೊಂಡು, ತಮ್ಮ ಮಕ್ಕಳು ಪಾಟೀಚೀಲ ಹೊತ್ತು ಶಾಲೆಗೆ ಹೋಗುವುದನ್ನು ಜಗಲಿಯಿಂದ ನೋಡುತ್ತಿರುತ್ತಾರೆ. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಹೊಸದರಲ್ಲಿ ನಾನೂ ಕೇಳಿದ್ದೆ. "ನಿಮ್ಮೂರಾಗ ಹಂಗಿಲ್ಲೇನು?" ಎಂದು ಜನ ನನ್ನನ್ನು ಕನಿಕರದಿಂದ ನೋಡಿದ್ದರು.

ನನ್ನ ಮಾವ ಗುರುಪಾದಪ್ಪನವರು ಹತ್ತಿ ಪೇಟೆಯಲ್ಲಿ ಲಿಲಾವು, ಅಂದರೆ ಹರಾಜು, ಕೂಗುತ್ತಿದ್ದವರು. ಅವರ ಗಂಟಲಿಗೆ ಪೇಟೆಯ ತಗಡಿನ ಸೂರು ಅದುರುತ್ತಿತ್ತಂತೆ. ನನ್ನನ್ನೂ ಅವರು ದಿನಾ ಹಾಗೇ ಕೂಗುತ್ತಿದ್ದರು, ಯಾರೂ ಕೊಳ್ಳದ ಹಳೇ ಹತ್ತಿ ಅಂಡಿಗೆಯನ್ನು ಕೊನೆಗೊಮ್ಮೆ ಸಿಕ್ಕ ಬೆಲೆಗೆ ಕೂಗಿದ ಹಾಗೆ. ಫೋಟೋ ಸ್ಟುಡಿಯೋ ಇಟ್ಟುಕೊಂಡವನಿಗೆ ಮಗಳನ್ನು ಕೊಟ್ಟದ್ದು ಅವರಿಗೆ ಮನಸ್ಸಿಗೆ ಬಂದಿರಲಿಲ್ಲ, ಅದನ್ನವರು ಮುಚ್ಚಿಟ್ಟವರೂ ಅಲ್ಲ. ಆಮೇಲೆ ಆ ಗಂಟಲಿನಲ್ಲೇ ಗಡ್ಡೆಯಾಯಿತು. ಕೊಯ್ಯುವುದಕ್ಕೆ ಮುಂಚೆ ಆಸ್ಪತ್ರೆಯವರು ಅವರಿಂದ ನೂರೆಂಟು ಮಾತು ಆಡಿಸಿ, ಆ ದನಿಯನ್ನೆಲ್ಲ ಹೆಬ್ಬೆರಳಿನಷ್ಟು ಅಗಲದ ಒಂದು ಕಾರ್ಡಿನಲ್ಲಿ ತುಂಬಿ ಕೊಟ್ಟರು. ಫೋಟೋ ಕೆಲಸಕ್ಕೆಂದು ನಾನು ತಂದಿದ್ದ ಲ್ಯಾಪ್‌ಟಾಪಿನ ಎರಡೂ ಮಗ್ಗುಲಿನಲ್ಲಿ ಅಂಥ ಕಾರ್ಡು ತೂರಿಸುವ ಗೂಡುಗಳಿದ್ದವು. ಒಂದರಲ್ಲಿ ಚಾರ್ಜರು ಚುಚ್ಚುವ ಕರೆಂಟಿನ ಕಾರ್ಡು, ಒಂದರಲ್ಲಿ ಕ್ಯಾಮೆರಾದ್ದು, ಇನ್ನೊಂದರಲ್ಲಿ ಮಾವನವರದು. ಅವರು ಬರೆದದ್ದನ್ನು ಯಂತ್ರ ಅವರ ದನಿಯಲ್ಲೇ ಕೂಗುತ್ತಿತ್ತು. ಊರೂ ಅದನ್ನು ಒಪ್ಪಿಕೊಂಡಿತ್ತು. ಕಾರ್ಡನ್ನು ನಕಲು ಮಾಡಲು ಆಸ್ಪತ್ರೆಯವರು ಬಿಟ್ಟಿರಲಿಲ್ಲ, ಅದು ಹಿಡಿಸುವಂಥ ಇನ್ನೊಂದು ಲ್ಯಾಪ್‌ಟಾಪು ಈ ಊರಿನಲ್ಲಿರಲಿಲ್ಲ.

ಆವತ್ತು ಆದದ್ದು ಇಷ್ಟೇ. ಎಲ್ಲರೂ ಮಲಗಿದ್ದಾಗ ಕರೆಂಟು ಹೋಗಿತ್ತು. ನಮ್ಮ ಜೊತೆ ಕೌದಿಯ ಮೇಲೆ ಮಲಗಿದ್ದ ಲ್ಯಾಪ್‌ಟಾಪು, ಬ್ಯಾಟರಿ ಇಳಿದು ಎಂದಿಗಿಂತ ಆಳದ ನಿದ್ದೆಗೆ ಜಾರಿತ್ತು. ಎದ್ದಾಗ ತನ್ನ ಮೈಯಲ್ಲೇ ಹುಟ್ಟಿದ್ದ ಪರದೆ, ಕೀಲಿಗಳನ್ನೆಲ್ಲ ಗುರುತು ಹಿಡಿದಿತ್ತು, ಹೊರಗಿನಿಂದ ತೂರಿಸಿದ್ದನ್ನು ಮರೆತಿತ್ತು. ಬೇರೆ ಯಾರದಾದರೂ ಕತೆಯಾಗಿದ್ದರೆ ನಾನು ನಗುತ್ತಿದ್ದೆ.

ನನ್ನ ಹೆಂಡತಿ ನೀಲಾಂಬಿಕೆ ಅಡುಗೆಮನೆಯಿಂದ ಇಣುಕಿ, "ಏನಾತೋ? ಅಪ್ಪ ಯಾಕ ಇನ್ನೂ ಕೂಗವಲ್ರು?" ಎಂದಳು. ನಾಲ್ಕು ಜನರ ಎದುರು ಬಿಟ್ಟರೆ ಅವಳು ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಾಳೆ. ಅದು ನನಗೆ ಎಷ್ಟು ಇಷ್ಟವೆಂದು ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. "ಏನಿಲ್ಲ ನೀಲು, ಕಾರ್ಡು ಸ್ವಲ್ಪ ಸಡಲ ಆಗೇತಿ, ಈಗ ಸರಿ ಮಾಡತೀನಿ" ಎಂದೆ. ಈ ಊರಿನ ಮಾತು ನನ್ನ ಬಾಯಲ್ಲೂ ಕೂತುಬಿಟ್ಟಿದೆ.

ಕಾರ್ಡಿನ ಚಿಲಕ ಒತ್ತಿ ಹೊರಗೆಳೆದೆ, ಒಳಗೆ ತೂರಿಸಿದೆ. ಟಕ್ಕೆಂದು ಕೂತಿತು, ಪರದೆ ಕಣ್ಣೆತ್ತಿ ನೋಡಲಿಲ್ಲ. ಎಡಗಡೆಯ ಗೂಡಿನಿಂದ ತೆಗೆದು ಬಲಗಡೆಯದಕ್ಕೆ ಹಾಕಿದೆ. ಕ್ಯಾಮೆರಾದ ಕಾರ್ಡು ತೆಗೆದು ಆ ಜಾಗದಲ್ಲಿ ಇದನ್ನು ಕೂಡಿಸಿದೆ. ಅಷ್ಟರಲ್ಲಿ ಕರೆಂಟು ಬಂತು, ಚಾರ್ಜರು ಚುಚ್ಚಿದೆ. ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಬಾಯಿಂದ ಊದಿ, ಅಂಗಿಯ ಚುಂಗಿನಿಂದ ಒರೆಸಿದೆ. ಮುಚ್ಚಳ ಮುಚ್ಚಿ ಒಂದು ಚಣ ಮಲಗಿಸಿ ಮತ್ತೆ ಎಬ್ಬಿಸಿದೆ. ಏನು ಮಾಡಿದರೂ ಅದೇ ಚೌಕ, ಅದೇ ಮಾತು. ಮಾವನವರು ಕೆಮ್ಮದೆ, ಮಿಸುಕದೆ ನನ್ನ ಕೈಯನ್ನೇ ನೋಡುತ್ತಿದ್ದರು.

ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಎದ್ದು ಫ್ಯಾನಿನ ಸ್ವಿಚ್ಚು ತಿರುವಿದೆ, ಮೆಲ್ಲಗೆ ಸುತ್ತುತ್ತಿದ್ದ ಫ್ಯಾನಿನ ವೇಗ ಹೆಚ್ಚಲಿಲ್ಲ. ಕರೆಂಟು ಸಾಲುತ್ತಿಲ್ಲವೇನೋ ಎಂದುಕೊಂಡೆ. ನೀಲು ಬಂದು ಅದೇ ಸ್ವಿಚ್ಚು ಮುಟ್ಟಿದಳು, ಗಿರ್ರನೆ ತಿರುಗಿತು. ಮನೆ ನನ್ನ ಕೈಯನ್ನು ಮರೆಯತೊಡಗಿತ್ತು. ಅವಳು ನನಗೆ ಚಹಾ ತಂದಿದ್ದಳು, ಕಪ್ಪಿನಲ್ಲಿ, ಕೆಳಗೆ ಬಸಿ ಇಟ್ಟು. ನಮ್ಮ ಮನೆಯಲ್ಲಿ ಕಪ್ಪು ಬಸಿ ಇಳಿಯುವುದು ನೆಂಟರು ಬಂದಾಗ ಮಾತ್ರ. ನಾನು ಕುಡಿಯುವ ಹಿತ್ತಾಳೆ ಲೋಟ ಅಲ್ಲೇ ಗೋಡೆಯ ಪಕ್ಕದಲ್ಲಿ ಬೋರಲು ಬಿದ್ದಿತ್ತು. "ಸಕ್ಕರಿ ಸಾಕೇನ್ರಿ?" ಎಂದಳು. ಅಂದ ಮೇಲೆ ತನಗೇ ಏನೋ ತಪ್ಪಿದೆ ಎನಿಸಿ ಹುಬ್ಬು ಗಂಟಿಕ್ಕಿ, "ಅಲ್ಲಾ, ನೀ... ನೀವು..." ಎಂದು ತಡವರಿಸಿ ಒಳಗೆ ಹೋದಳು.

ಲ್ಯಾಪ್‌ಟಾಪು ಮಾಡುವ ಕಂಪನಿಯ ಸಹಾಯದ ನಂಬರಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನಿದ್ದೆಯಿಂದ ಎದ್ದ ಮೇಲೆ ಕಾರ್ಡು ಗುರುತು ಹಿಡಿಯುತ್ತಿಲ್ಲ ಎಂದೆ.

"ತೆಗೆದು ಹಾಕಿ ನೋಡಿದ್ರಾ ಸರ್?"

"ನೋಡಿದೆ."

"ಬೇರೆ ಸ್ಲಾಟಲ್ಲಿ?"

"ಎಲ್ಲದರಲ್ಲೂ ನೋಡಿದೆ."

"ಹಾಗಾದ್ರೆ ಏನೂ ತೊಂದ್ರೆ ಇಲ್ಲ ಸರ್, ಇದು ಎಲ್ಲರಿಗೂ ಆಗುತ್ತೆ. ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಕಾರ್ಡೆಲ್ಲ ತೆಗೆದು, ಒಂದು ನಿಮಿಷ ಬಿಟ್ಟು, ಒಂದೊಂದಾಗಿ ಹಾಕಿ ಆನ್ ಮಾಡಿ. ಬಂದೇ ಬರುತ್ತೆ."

"ಅದೊಂದು ಬಿಟ್ಟು ಬೇರೇನಾದ್ರೂ ಹೇಳ್ರಿ ತಾಯಿ."

"ಯಾಕೆ ಸರ್?" ಎಂದಳು ಆ ಹುಡುಗಿ. ನಾನು ಫೋನು ಇಟ್ಟೆ.

ಈ ಊರಿನಲ್ಲಿ ಯಾವುದನ್ನೂ ಪೂರ್ತಿ ಆರಿಸುವುದಿಲ್ಲ. ರೇಡಿಯೋದ ಕಿವಿ ಹಿಂಡಿ ಪಿಸುಗುಟ್ಟುವಷ್ಟಕ್ಕೆ ಇಳಿಸುತ್ತಾರೆ, ಒಲೆಯಲ್ಲಿ ಕೆಂಡ ಮುಚ್ಚಿಡುತ್ತಾರೆ, ಬಲ್ಬುಗಳು ರಾತ್ರಿಯಿಡೀ ಮಿಣುಕುತ್ತಿರುತ್ತವೆ. ಕರೆಂಟು ತಾನಾಗಿ ಹೋದರೆ ಅದು ಮಲಗಿದ ಲೆಕ್ಕ. ಮಲಗಿಸಬಹುದು, ಕೈಯಾರೆ ಆರಿಸುವಂತಿಲ್ಲ. ಆರಿದ್ದು ಊರಿನ ಪಾಲಿಗೆ ತೀರಿಹೋದದ್ದು, ಮತ್ತೆ ಹೊತ್ತಿಸಿದರೂ ಅದನ್ನು ಯಾರೂ ತಮ್ಮದೆಂದು ಗುರುತಿಸುವುದಿಲ್ಲ. ಮನುಷ್ಯರಿಗೂ ಇದೇ ಲೆಕ್ಕ. ಗಿರಣಿ ಈರಪ್ಪ ಎಂದು ಹೇಳಿಕೊಳ್ಳುವ ಒಬ್ಬರು ಛತ್ರದಲ್ಲಿದ್ದಾರೆ. ಇಲ್ಲೇ ಹುಟ್ಟಿದವರು. ಪಟ್ಟಣದ ಆಸ್ಪತ್ರೆಯಲ್ಲಿ ಅವರ ಎದೆಗೆ ಹಾಕಿದ್ದ ಯಂತ್ರವನ್ನು ಬದಲಿಸಲು ಒಂದು ಗಳಿಗೆ ಆರಿಸಿದ್ದರಂತೆ. ಗಟ್ಟಿಮುಟ್ಟಾಗಿ, ಕೈಯಲ್ಲಿ ಮೋಸಂಬಿಯ ಚೀಲ ಹಿಡಿದು ಮನೆಗೆ ಬಂದರೆ, ಸ್ವಂತ ಹೆಂಡತಿ ಸೆರಗು ಸರಿಮಾಡಿಕೊಂಡು "ಯಾರು ಬೇಕಾಗಿತ್ತ್ರಿ?" ಎಂದರಂತೆ. ಮಾವನವರ ದನಿ ಈಗ ಇರುವುದೆಲ್ಲ ಈ ಲ್ಯಾಪ್‌ಟಾಪಿನಲ್ಲಿ. ಅದನ್ನು ಆರಿಸಿದರೆ ಅವರನ್ನೇ ಆರಿಸಿದಂತೆ.

ಫೋನಿನ ಮಾತು ಪಕ್ಕದ ಮನೆಯ ಬಸಲಿಂಗವ್ವನ ಕಿವಿಗೆ ಬಿದ್ದಿರಬೇಕು. ಅವಳೂ ಬೇರೆ ಊರಿನಿಂದ ಸೊಸೆಯಾಗಿ ಬಂದವಳು, ಮುದುಕಿಯಾದರೂ ದಿನಾ ಗಂಡನ ಎದುರು ನಿಂತು ಕೂಗಿಸಿಕೊಳ್ಳುತ್ತಾಳೆ. ಗೋಡೆಯ ಮೇಲಿಂದ ತಲೆ ಹಾಕಿ, "ತಮ್ಮಾ, ಇನ್ನೂ ಆಗಿಲ್ಲೇನೋ? ಹೊತ್ತು ಇಳ್ಯಾಕ ಹತ್ತೇತಿ" ಎಂದಳು. ಆಗಿಲ್ಲ ಎಂದೆ. "ಛತ್ರದಾಗ ರಾತ್ರಿ ಥಂಡಿ ಭಾಳಪಾ. ಒಂದು ಕಂಬಳಿ ತಗದಿಟ್ಟಕೊ" ಎಂದಳು. ಕೆಟ್ಟದ್ದು ಬಯಸಿ ಅಂದದ್ದಲ್ಲ, ಅನುಭವದ ಮಾತು. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಕಂಬಳಿ ಇದ್ದ ಕೋಣೆಯ ಚಿಲಕ ನನ್ನ ಕೈಗೆ ಬರಲೂ ಇಲ್ಲ.

ನೀಲು ಪಡಸಾಲೆಗೆ ಬಂದಾಗ ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ನನ್ನ ಕಡೆಗೊಮ್ಮೆ ನೋಡಿ ಅಪ್ಪನ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ, "ಅಪ್ಪಾ, ಈ ರಿಪೇರಿಯವರು ಇನ್ನೂ ಎಷ್ಟೊತ್ತು ಕೂಡತಾರ? ದೀಪದ ಹೊತ್ತಾತು" ಎಂದಳು. ಅವಳಿಗಿಂತ ಹೆಚ್ಚು ಮರ್ಯಾದೆಯಿಂದ ಯಾರೂ ಆ ಮಾತು ಆಡಲಾರರು. ನಾನು, "ನೀಲು, ನಾನು" ಎಂದೆ. ಪರಪುರುಷ ಹೆಸರು ಹಿಡಿದು ಕರೆದದ್ದಕ್ಕೆ ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಮೊದಲ ಸಲ ಸ್ಟುಡಿಯೋಕ್ಕೆ ಬಂದಾಗ ನಕ್ಕು ನಕ್ಕು ಒಂದು ಫೋಟೋವನ್ನೂ ನೆಟ್ಟಗೆ ತೆಗೆಯಗೊಡದ ಹುಡುಗಿ ಇವಳು. ನನಗೆ ಅಳು ಬಂತು, ಅತ್ತೆ. ರಿಪೇರಿಯವನು ಯಾಕೆ ಅಳುತ್ತಾನೆ ಎಂದು ಅವಳು ಪಾಪ ಗಾಬರಿಯಿಂದ ನೋಡುತ್ತ ನಿಂತಳು.

ಮಾವನವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. ದನಿ ಇಲ್ಲದಿದ್ದರೂ ಅಕ್ಷರ ಮೂಡುತ್ತಿದ್ದವಲ್ಲ. ಟಕ್ ಟಕ್ ಎಂದು ಬರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಅದೊಂದ ಉಳೀತಲ್ಲ?"

"ಬ್ಯಾಡ್ರಿ ಮಾವ. ನಿಮಗೇನಾಗತೈತಿ ಗೊತ್ತೈತಿಲ್ರಿ?"

ಮತ್ತೆ ಬರೆದರು. ಆ ಒಂದು ಬೆರಳು ಎಷ್ಟು ನಿಧಾನವೆಂದರೆ, ಪ್ರತಿ ಅಕ್ಷರಕ್ಕೂ ಹೊರಗೆ ಬಿಸಿಲು ಒಂದು ಚೂರು ಇಳಿಯುವುದು ಕಾಣುತ್ತಿತ್ತು. "ನಾಳೆ ಎದ್ದು ಅಕಿ ಯಾರನ್ನೋ ಹುಡುಕತಾಳ. ಯಾರನ್ನ ಅಂತ ಅಕಿಗೆ ತಿಳಿಯೂದಿಲ್ಲ. ದಿನಾ ಹುಡುಕತಾಳ. ಅದನ್ನ ನಾ ನೋಡಲಾರೆ." ನಾನು ಅದನ್ನು ಓದಿ ಮುಗಿಸುವುದರೊಳಗೆ ಅವರ ಹೆಬ್ಬೆರಳು ಪವರ್ ಗುಂಡಿಯ ಮೇಲಿತ್ತು. ನಾನು ಕೈ ಹಿಡಿದೆ. ಹತ್ತಿಯ ಅಂಡಿಗೆ ಎಳೆದ ತೋಳು ಅದು, ನನ್ನನ್ನು ಕೊಡವಿಹಾಕಿದರು. ಒತ್ತಿದರು, ಒತ್ತಿಯೇ ಹಿಡಿದರು. ಪರದೆ ಕಪ್ಪಾಯಿತು, ಒಳಗಿನ ಸಣ್ಣ ಗಾಳಿಚಕ್ರದ ಗುಂಯ್ಗುಡುವಿಕೆ ನಿಂತಿತು. ಗೋಡೆಯಾಚೆ ಬಸಲಿಂಗವ್ವ "ಅಯ್ಯೋ ಶಿವನಽ" ಎಂದಳು.

ಇನ್ನು ಬಿಡುವುದರಲ್ಲಿ ಅರ್ಥವಿರಲಿಲ್ಲ. ಕಾರ್ಡುಗಳನ್ನೆಲ್ಲ ಕಿತ್ತೆ. ಆ ಹುಡುಗಿ ಹೇಳಿದಂತೆ ಕಾದೆ. ಆ ಒಂದು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಇನ್ನೆಂದೂ ಕಂಡಿಲ್ಲ. ಕರೆಂಟಿನದು ಹಾಕಿದೆ, ಕ್ಯಾಮೆರಾದ್ದು ಹಾಕಿದೆ, ಕೊನೆಗೆ ದನಿಯ ಕಾರ್ಡು ತೂರಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಚೌಕ ಮೂಡಲಿಲ್ಲ. ಕಾರ್ಡಿನ ಗುರುತು ತನ್ನ ಜಾಗದಲ್ಲಿ ಏನೂ ಆಗೇ ಇಲ್ಲವೆಂಬಂತೆ ಕೂತಿತ್ತು.

ಮಾವನವರು ನನ್ನ ಹೆಸರು ಬರೆದರು. "ಚನ್ನವೀರಾ!" ಎಂದು ಯಂತ್ರ ಕೂಗಿತು. ಪೇಟೆಯ ಸೂರು ಅದುರಿಸಿದ ಅದೇ ಗಂಟಲು. ನಾನು ಫ್ಯಾನಿನ ಸ್ವಿಚ್ಚಿಗೆ ಓಡಿ, ಆರಿಸಲಿಕ್ಕಲ್ಲ, ವೇಗ ಹೆಚ್ಚಿಸಲಿಕ್ಕೆ ತಿರುವಿದೆ. ಮನೆ ಮಿಸುಕಲಿಲ್ಲ. ಆರಿಹೋದವರ ದನಿಯನ್ನು ಯಾವ ಮನೆ ಕೇಳುತ್ತದೆ? ಗೋಡೆಯೊಳಗಿನ ದೇವರ ಮಾಡದ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ ನೀಲು ಮಾತ್ರ ಬೆಚ್ಚಿ ತಿರುಗಿದಳು. ಯಂತ್ರದ ಮುಂದೆ ಕೂತಿದ್ದ ಮುದುಕರನ್ನು, ನನ್ನನ್ನು, ಇಬ್ಬರನ್ನೂ ಒಂದೇ ಥರ ನೋಡಿದಳು. ಅವಳಿಗೆ ಈಗ ಇಬ್ಬರೂ ಪರಸ್ಥಳದವರು.

"ಚನ್ನವೀರ?" ಎಂದಳು. "ಯಾರ್ರೀ ಚನ್ನವೀರ ಅಂದ್ರ?"

ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗತೊಡಗಿತು. ಅಪ್ಪ ಆರಿಹೋದ ಮೇಲೆ ಆ ಮನೆಗೆ ಯಜಮಾನಿ ಅವಳೇ ತಾನೆ. ಅವಳು ವಿಚಾರಿಸಿದ್ದೇ ಕೂಗಿದ್ದಾಗಿಹೋಗಿತ್ತು. ಅವಳ ಕಣ್ಣಿನಲ್ಲಿ ನಾನು ಮೊದಲು ಸ್ವಲ್ಪ, ಆಮೇಲೆ ಪೂರ್ತಿ ಬಂದು ನಿಂತದ್ದನ್ನು ನೋಡಿದೆ. "ಏ, ಯಾಕೋ ಅಳಾಕ ಹತ್ತೀ?" ಎಂದಳು. ಆ ಏಕವಚನಕ್ಕೆ ನನಗೆ ಹೋದ ಜೀವ ಬಂತು. ಆದರೆ ಸಂತೋಷಪಡಲು ಅವಳು ಬಿಡಲಿಲ್ಲ. "ದೀಪದ ಹೊತ್ತಿನಾಗ ಈ ಅಜ್ಜಾರನ್ನ ಯಾಕ ಕೂಡಿಸಿಕೊಂಡೀ? ಯಾವ ಊರಿನವರು?" ಎಂದು ಕೇಳಿ, ಅವರತ್ತ ತಿರುಗಿ, "ನೀರು ಕುಡೀತೀರೇನ್ರಿ?" ಎಂದಳು.

ಮಾವನವರು ಮಗಳ ಮುಖ ನೋಡಿದರು. ಮುಂದಾಗುವುದು ಗೊತ್ತಿದ್ದೇ ಗುಂಡಿ ಒತ್ತಿದ್ದರು, ಆದರೂ ಗೊತ್ತಿರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ತಲೆ ಆಡಿಸಿ, ನೀರು ಬೇಡವೆಂದು ಕೈ ಸನ್ನೆ ಮಾಡಿ, ಗೋಡೆ ಹಿಡಿದು ಏಳತೊಡಗಿದರು. ಚಪ್ಪಲಿ ಎಲ್ಲಿವೆ ಎಂದು ಹೊಸ್ತಿಲಿನ ಕಡೆ ಅವರ ಕಣ್ಣು ಹುಡುಕುತ್ತಿದ್ದವು. ನೀಲು ಕಡ್ಡಿ ಗೀರಿದಳು.

ನಾನು ಹಾರಿ ಆ ಕಡ್ಡಿ ಊದಿದೆ. "ನೀಲು, ದೀಪ ಆಮ್ಯಾಲ. ಮೊದಲ ಇವರನ್ನ ಕೂಗು. ಗುರುಪಾದಪ್ಪ ಅಂತ ಇವರ ಹೆಸರು."

ಗೋಡೆಯ ಮೇಲಿಂದ ಬಸಲಿಂಗವ್ವ ಬಾಯಿಗೆ ಕೈ ಇಟ್ಟುಕೊಂಡಳು. ದೀಪ ಹತ್ತುವವರೆಗೆ ಅಕ್ಕಪಕ್ಕದವರಿಗೆ, ನನ್ನಂಥ ಹೊರಗಿನವರಿಗೆ ನೆನಪಿರುತ್ತದೆ. "ಏನು ಮಾತಂತ ಆಡತೀಯೋ ತಮ್ಮಾ? ಇಲ್ಲೇ ಹುಟ್ಟಿದವರನ್ನ ಯಾರರ ಕೂಗತಾರೇನು? ಕೂಗಿಸಿಕೊಳ್ಳೂದು ನಮ್ಮಂಥವರು. ಅವರ ಮರ್ಯಾದಿ ಏನಾಗಬೇಕು!"

ಆಗ ನನಗೆ ಹೊಳೆಯಿತು. ಈರಪ್ಪನವರನ್ನೂ ಯಾರೂ ಕೂಗಿರಲಿಲ್ಲ. ಕೂಗಿದ್ದರೂ ಬಾರದೆ ಹೋದದ್ದಲ್ಲ, ಕೂಗಿಯೇ ಇರಲಿಲ್ಲ. ಈ ಊರಿನವರಿಗೆ ತಮ್ಮವರನ್ನು ಕೂಗಬೇಕಾಗುತ್ತದೆ ಎಂಬುದೇ ತಿಳಿಯದು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಮುದುಕಿಗೆ, "ಮರ್ಯಾದಿ ಛತ್ರದಾಗ ಇಟ್ಟುಕೊಂಡು ಏನು ಮಾಡೂದೈತಿ?" ಎಂದು ಚೀರಿದೆ.

ನೀಲು ಎರಡನೇ ಕಡ್ಡಿ ಕೈಯಲ್ಲಿ ಹಿಡಿದು ನಿಂತಿದ್ದಳು. ಕಿಟಕಿಯ ಸರಳಿನ ಮೇಲಿನ ಕೊನೆಯ ಬಿಸಿಲೂ ಹೋಗಿತ್ತು. ಬೀದಿಯ ಆಚೆ ಮನೆಗಳಲ್ಲಿ ಒಂದೊಂದೇ ದೀಪ ಕಾಣತೊಡಗಿತ್ತು. "ಗುರ್ತಿಲ್ಲದವರ ಹೆಸರ ನಾ ಯಾಕ ಕೂಗಲಿ? ಕೂಗಿದ್ರ ಈ ಮನಿಗೆ ಸೇರಿದಂಗ. ಇವರು ನಮಗೇನಾಗಬೇಕು?" ಎಂದಳು. ಏನಾಗಬೇಕೆಂದು ಹೇಳಬಹುದಿತ್ತು. ಹೇಳಿದರೆ ಅವಳು ನಂಬುತ್ತಿರಲಿಲ್ಲ, ನಂಬದೆ ವಾದಕ್ಕೆ ನಿಂತರೆ ಅಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಮಾವನವರು ಹೊಸ್ತಿಲು ಮುಟ್ಟಿದ್ದರು.

"ಏನೂ ಕೇಳಬ್ಯಾಡ. ನಾ ಹೇಳತೀನಿ ಅಂತ ಕೂಗು" ಎಂದೆ. ಕೈ ಮುಗಿದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ನನ್ನನ್ನೇ ಮರೆತಿದ್ದವಳು. "ನೀ ಹೇಳತಿ ಅಂದ್ರ ಕೂಗತೀನಪಾ" ಎಂದು, ಕಡ್ಡಿಪೆಟ್ಟಿಗೆ ಮಾಡದಲ್ಲಿಟ್ಟು, ಹೊಸ್ತಿಲಿನ ಕಡೆ ತಿರುಗಿ, "ಗುರುಪಾದಪ್ಪಾ!" ಎಂದು ಕೂಗಿದಳು. ಅಪ್ಪನ ಗಂಟಲೇ ಅವಳಿಗೂ ಬಂದಿದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು.

ಏನೂ ಆಗಲಿಲ್ಲ. ಮಾವನವರು ಬೆನ್ನು ತಿರುಗಿಸಿಯೇ ನಿಂತಿದ್ದರು. ನೀಲು ಆ ಬೆನ್ನನ್ನು ನೋಡಿದಳು, ಅಂಗಿಯ ಹೆಗಲಿನ ಮೇಲೆ ತಾನೇ ಹಾಕಿದ್ದ ತೇಪೆಯನ್ನು ನೋಡಿದಳು. "ಅಪ್ಪಾ" ಎಂದಳು, ಈ ಸಲ ಕೂಗಲಿಲ್ಲ. "ಅಪ್ಪಾ, ಎಲ್ಲಿ ಹೊಂಟೀರಿ? ನಾ ಏನಂದೆ ನಿಮಗ? ನೀರು ಕುಡೀತೀರೇನು ಅಂದೆನಲ್ಲೋ ಶಿವನಽ!" ಎಂದು ಓಡಿಹೋಗಿ ಅವರ ಕಾಲಿಗೆ ಬಿದ್ದಳು.

ಅವರನ್ನು ಕರೆತಂದು ಕೂಡಿಸಿದೆವು. ಜೀವಮಾನವಿಡೀ ಬೇರೆಯವರನ್ನು ಕೂಗಿದ ಮನುಷ್ಯನನ್ನು ಯಾರೂ ಯಾವತ್ತೂ ಕೂಗಿರಲಿಲ್ಲ. ಕೂಗಿಸಿಕೊಂಡವರು ಏನನ್ನಬೇಕೆಂಬುದೂ ಅವರಿಗೆ ಗೊತ್ತಿರಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದೇನು ಎಂಬಂತೆ ನನ್ನ ಮುಖ ನೋಡಿದರು. ನನಗೆ ಹೆಣ್ಣು ಕೊಟ್ಟ ಮೇಲೆ ಅವರು ಏನು ಮಾಡಬೇಕೆಂದು ನನ್ನನ್ನು ಕೇಳಿದ್ದು ಅದೇ ಮೊದಲು. ಹತ್ತಿರ ಕೂತು ಕಿವಿಯಲ್ಲಿ ಹೇಳಿಕೊಟ್ಟೆ. ಅವರು ಆ ಒಂದೇ ಬೆರಳಿನಲ್ಲಿ, ಬಹಳ ಹೊತ್ತು ತೆಗೆದುಕೊಂಡು, ತಪ್ಪಿಲ್ಲದೆ ಬರೆದು ಗುಂಡಿ ಒತ್ತಿದರು.

"ಇದ್ದೀನ್ರಿ" ಎಂದಿತು, ಮನೆಯ ಸೂರು ಅದುರುವಂತೆ, ಅವರ ದನಿ. ನೀಲು ಅಳುತ್ತಲೇ ದೀಪ ಹಚ್ಚಿದಳು.